ಎಣಿಸದ ಕೈ

ಕೆನ್ನೆಗೆಲ್ಲ ನೊರೆ ಹಚ್ಚಿ, ರೇಜರಿಗೆ ಹೊಸ ಬ್ಲೇಡು ಹಾಕಿಕೊಂಡ ಎದುರಂಗಡಿಯವನು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದ. ವರ್ಷಗಟ್ಟಲೆ ವಾರಕ್ಕೊಮ್ಮೆ ಇದೇ ಮುಖಕ್ಕೆ ಕ್ಷೌರ ಮಾಡಿದ ಕೈ ಅದು. ಆದರೆ ಆ ಮುಖ ಬಾಯಿ ಮುಚ್ಚಿಕೊಂಡು ಕ್ಷೌರ ಮಾಡಿಸಿಕೊಳ್ಳುತ್ತಿರುವುದು ಇದೇ ಮೊದಲು.

"ಗದ್ದ ಸ್ವಲ್ಪ ಎತ್ತಿ ಹಿಡಿ ಮಗಳೇ," ಎಂದ.

ಮಂಚದ ತಲೆದೆಸೆಯಲ್ಲಿ ಕೂತಿದ್ದ ಮಗಳು ಅಪ್ಪನ ಗದ್ದವನ್ನು ಮೆಲ್ಲಗೆ ಎತ್ತಿ ಹಿಡಿದಳು. ತಣ್ಣಗಿತ್ತು. ಅಂಗಡಿಯ ಸೋಪಿನ ವಾಸನೆ ಮೂಗಿಗೆ ಬಡಿದದ್ದೇ ಅವಳ ಕಣ್ಣು ತುಂಬಿತು. ಬೆಳಗಿನಿಂದ ಬಂದವರೆಲ್ಲ ತಬ್ಬಿಕೊಂಡು ಅತ್ತರೂ ಬಾರದ ಅಳು ಒಂದು ತುಂಡು ಸೋಪಿಗೆ ಬಂತು.

ಬೀದಿಯ ಆಚೆಗೊಂದು ಈಚೆಗೊಂದು, ಎದುರುಬದುರು ಎರಡು ಕಟಿಂಗ್ ಅಂಗಡಿಗಳು. ಗಿರಾಕಿಗಳ ವಿಷಯಕ್ಕೆ ಇಬ್ಬರೂ ಹಾವು ಮುಂಗುಸಿ. ಆದರೆ ಎಂಥ ಕೈಚಳಕದವನಿಗೂ ತನ್ನ ತಲೆಯ ಹಿಂಭಾಗ ತಾನೇ ಕತ್ತರಿಸಿಕೊಳ್ಳಲು ಬರುವುದಿಲ್ಲವಲ್ಲ. ಹಾಗಾಗಿ ವಾರದ ರಜೆಯ ದಿನ ಒಬ್ಬರ ತಲೆಗೆ ಒಬ್ಬರು ಕತ್ತರಿ ಹಿಡಿಯುತ್ತಿದ್ದರು. ವೈರಿಯ ರೇಜರಿಗೆ ಕುತ್ತಿಗೆ ಒಡ್ಡಿ ಕೂರುವ ಧೈರ್ಯ ಈ ಬೀದಿಯಲ್ಲಿ ತಮ್ಮಿಬ್ಬರಿಗೇ ಇರುವುದು ಎಂದು ಈಗ ಮಂಚದ ಮೇಲೆ ಮಲಗಿರುವವನು ನಗುತ್ತಿದ್ದ. ಬೀದಿಯವರು ಅವನನ್ನು ಕತ್ತರಿಯಣ್ಣ ಎಂದು ಕರೆಯುತ್ತಿದ್ದರು.

"ನಿಂಗೆ ಹೇಳೋದೊಂದಿತ್ತು ಮಗಳೇ," ಎಂದು ಎದುರಂಗಡಿಯವನು ಕಿವಿಯ ಪಕ್ಕ ರೇಜರ್ ಎಳೆಯುತ್ತ ಶುರು ಮಾಡಿದ. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಅವನು ಮಾತು ನುಂಗಿಕೊಂಡು ಬ್ಲೇಡು ಒರೆಸಿದ.

ಬಂದವರು ಪ್ರೆಸ್ ಮಾವ. ಬೀದಿಯ ಕೊನೆಯಲ್ಲಿ ಪ್ರೆಸ್ಸು ಇಟ್ಟುಕೊಂಡು ಮದುವೆಯ ಕಾರ್ಡಿನಿಂದ ಪಕ್ಷದ ಕರಪತ್ರದವರೆಗೆ ಎಲ್ಲ ಅಚ್ಚು ಹಾಕುವವರು, ಅಪ್ಪನ ಬಾಲ್ಯದ ಗೆಳೆಯ, ಪಕ್ಷದ ಈ ಬೀದಿಯ ಘಟಕಕ್ಕೆ ಬಹಳ ಕಾಲದಿಂದ ಅಧ್ಯಕ್ಷ. ಇವತ್ತು ಸಂಜೆ ಆ ಕುರ್ಚಿಗೆ ಮತ್ತೆ ಚುನಾವಣೆ. ಇವತ್ತಿನೊಳಗೆ ಮುಗಿಸದ ಘಟಕಗಳಿಗೆ ತಾವೇ ಯಾರನ್ನಾದರೂ ಕೂರಿಸುತ್ತೇವೆ ಎಂದು ಮೇಲಿನವರು ಹೇಳಿದ್ದರು. ಸಾವಿನ ಮನೆಯ ಸಂಕಟ ಅವರಿಗೆ ಹೇಗೆ ಗೊತ್ತಾಗಬೇಕು.

ಪ್ರೆಸ್ ಮಾವ ಗೆಳೆಯನ ಪಾದ ಮುಟ್ಟಿ, ಕನ್ನಡಕ ತೆಗೆದು ಒರೆಸಿಕೊಂಡರು. ದುಃಖ ನಿಜವಾದದ್ದೇ. ಆದರೆ ಹೊರಡುವಾಗ ಬಾಗಿಲ ಬಳಿ ತಿರುಗಿ, ಮೆಲುದನಿಯಲ್ಲಿ ಕೇಳಿಯೇಬಿಟ್ಟರು.

"ಸಂಜೆ ವಿಷಯ... ಅವನು ನಿನ್ನ ಹತ್ರ ಏನಾದ್ರೂ ಅಂದಿದ್ನಾ?"

ಇಲ್ಲ ಎಂದಳು. ಅವರು ತಲೆಯಾಡಿಸಿ ಹೊರಗೆ ಹೋದರು. ಐದು ನಿಮಿಷ ಬಿಟ್ಟು ಟೀಚರ್ ಒಳಗೆ ಬಂದು, ಅಮ್ಮನ ಕೈ ಹಿಡಿದು ಕೂತು, ಸಮಾಧಾನ ಹೇಳಿ, ಏಳುವಾಗ ಅದನ್ನೇ ಕೇಳಿದರು. ಟೀಚರ್ ಎಂದರೆ ಪ್ರೆಸ್ ಮಾವನ ಎದುರು ನಿಂತವರು. ಬೀದಿಯ ಶಾಲೆಯಲ್ಲಿ ಪಾಠ ಹೇಳುವವರು. ಮಾತು ಖಡಕ್ಕು, ಸಭೆಯಲ್ಲೂ ದೊಡ್ಡವರನ್ನು ಬೆಂಚಿನ ಮೇಲೆ ನಿಲ್ಲಿಸುವ ದನಿ.

"ಊಟಕ್ಕೆ ಉಪ್ಪು ಸಾಕಾ ಅಂತ ಕೇಳಿದ್ರೇ ಸಾಕು, ಬೇಕು ಅಂತಿರ್ಲಿಲ್ಲ," ಎಂದಳು ಅಮ್ಮ. "ಇದನ್ನ ಹೇಳ್ತಾರಾ?"

ಹೊರಗೆ ಅಂಗಳದಲ್ಲಿ ಯಾರೂ ಹೇಳದೆಯೇ ಕುರ್ಚಿಗಳು ಎರಡು ಗುಂಪಾಗಿದ್ದವು. ಪ್ರೆಸ್ ಮಾವನ ಸುತ್ತ ಅರ್ಧ ಜನ, ಟೀಚರ್ ಸುತ್ತ ಇನ್ನರ್ಧ. ಎರಡೂ ಕಡೆಯವರು ಕತ್ತರಿಯಣ್ಣ ತಮ್ಮವನೇ ಎಂದು ಪಿಸುಗುಡುತ್ತಿದ್ದರು. ಕ್ಷೌರಕ್ಕೆ ಕೂತಾಗ ತಾನು ಹೀಗೆ ಕೇಳಿದೆ, ಅವನು ಕನ್ನಡಿಯಲ್ಲಿ ನೋಡಿ ಹೀಗೆ ನಕ್ಕ, ಹೀಗೆ ಕತ್ತರಿ ಆಡಿಸಿದ ಎಂದು ಒಬ್ಬೊಬ್ಬರೂ ಸಾಕ್ಷಿ ಹೇಳುತ್ತಿದ್ದರು. ಅಡ್ಡಗೋಡೆಯ ಮೇಲೆ ದೀಪವಿಟ್ಟು ಹೋದವನ ಬೆಳಕು ತಮ್ಮ ಕಡೆಗೇ ಬೀಳುತ್ತಿತ್ತು ಎಂದು ಪ್ರತಿಯೊಬ್ಬರಿಗೂ ಅನ್ನಿಸುತ್ತಿತ್ತು. ಯಾರು ಕೇಳಿದರೂ ಅವನದು ಒಂದೇ ಉತ್ತರ ಇತ್ತು: "ತಲೆ ನಿಮ್ಮದು, ಯೋಚನೆನೂ ನಿಮ್ಮದೇ. ಉದುರೋ ಕೂದಲು ಮಾತ್ರ ನಂದು."

ಮಗಳಿಗೂ ಒಂದು ಕುತೂಹಲವಿತ್ತು. ಅದು ಈ ಚುನಾವಣೆಯದಲ್ಲ, ಹಿಂದಿನ ಚುನಾವಣೆಯದು. ಅದಕ್ಕೆ ಉತ್ತರ ಕೊಡಬಲ್ಲ ಒಂದೇ ಬಾಯಿಯ ಸುತ್ತ ಈಗ ನೊರೆ ಒರೆಸಿ ಸ್ವಚ್ಛವಾಗಿತ್ತು.

*

ಪಕ್ಷ ದೊಡ್ಡದು, ಆದರೆ ಈ ಬೀದಿಯ ಘಟಕಕ್ಕೆ ಸ್ವಂತದ್ದೊಂದು ಕೋಣೆ ಇರಲಿಲ್ಲ. ಸಭೆ ನಡೆಯುತ್ತಿದ್ದದ್ದು ಕತ್ತರಿಯಣ್ಣನ ಅಂಗಡಿಯಲ್ಲಿ, ಬಾಗಿಲು ಅರ್ಧ ಎಳೆದುಕೊಂಡು. ಬಹಳ ಹಿಂದೆ ಒಮ್ಮೆ ಎಲ್ಲರೆದುರು ಕೈ ಎತ್ತಿ ಅಧ್ಯಕ್ಷನನ್ನು ಆರಿಸಿದ್ದರು. ಮಾರನೆಯ ದಿನದಿಂದ ಅಣ್ಣತಮ್ಮ ಮಾತು ಬಿಟ್ಟರು. ಒಂದೇ ಕಟ್ಟಡದ ಇಬ್ಬರು ಮೆಟ್ಟಿಲಲ್ಲಿ ಎದುರಾದರೆ ಒಬ್ಬರು ಮರಳಿ ಮೇಲೆ ಹತ್ತಿ ಕಾಯುತ್ತಿದ್ದರು. ಚೀಟಿ ಬರೆಯೋಣವೆಂದರೆ ಒಬ್ಬರ ಅಕ್ಷರ ಇನ್ನೊಬ್ಬರಿಗೆ ಗೊತ್ತಿದ್ದ ಬೀದಿ ಅದು.

ಉಪಾಯ ಹೇಳಿದ್ದು ಕತ್ತರಿಯಣ್ಣನೇ. ಎಲ್ಲರೂ ಗೋಡೆಗೆ ಮುಖ ಮಾಡಿ ನಿಲ್ಲುವುದು, ಹೆಸರು ಕರೆದಾಗ ಕೈ ಎತ್ತುವುದು, ಒಬ್ಬ ಮಾತ್ರ ಹಿಂದೆ ನಿಂತು ಎಣಿಸುವುದು. ಗೋಡೆಯ ತುಂಬ ಕನ್ನಡಿಗಳಿದ್ದವಲ್ಲ, ಅವಕ್ಕೆ ಗಿರಾಕಿಗಳಿಗೆ ಹೊದಿಸುವ ಬಿಳಿ ಬಟ್ಟೆ ಇಳಿಬಿಡುವುದು. ಕಣ್ಣು ಮುಚ್ಚಿಕೊಂಡರೆ ಸಾಲದೇ ಎಂದು ಯಾರೋ ಕೇಳಿದ್ದಕ್ಕೆ, ಈ ಬೀದಿಯಲ್ಲಿ ಎರಡೂ ಕಣ್ಣು ಒಟ್ಟಿಗೆ ಮುಚ್ಚುವವರು ಯಾರಿದ್ದಾರೆ ಎಂದಿದ್ದ.

ಎಣಿಸುವವನು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಎಲ್ಲರ ತಲೆಯ ಸುಳಿಯೂ, ತಲೆಯೊಳಗಿನ ಗುಟ್ಟೂ ಬಲ್ಲವನು ಅವನೊಬ್ಬನೇ, ಯಾವುದನ್ನೂ ಅಂಗಡಿಯ ಹೊಸ್ತಿಲು ದಾಟಿಸದವನೂ ಅವನೊಬ್ಬನೇ. ಎಣಿಸುವವನು ತನ್ನ ಕೈಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ಎರಡೂ ಕಡೆ ಸಮ ಬಂದರೆ ಅವನು ಹೇಳಿದ ಹೆಸರೇ ಗೆದ್ದಂತೆ. ಕತ್ತರಿಯಣ್ಣ ಯಾರಿಗೆ ಎಷ್ಟು ಕೈ ಎಂದು ಹೇಳುತ್ತಿರಲಿಲ್ಲ. ಗೆದ್ದವರು ಯಾರು, ಎಷ್ಟು ಹೆಚ್ಚು, ಅಷ್ಟೇ.

ಆರು ವರ್ಷದ ಹಿಂದೆ ಪ್ರೆಸ್ ಮಾವನ ಎದುರು ಮಗಳು ನಿಂತಳು. ಅವಳು ಕಾರು ಕಲಿಸುವವಳು. ಶಾಲೆಯ ಮುಂದಿನ ತಿರುವಿನಲ್ಲಿ ದಿನವೂ ಹತ್ತು ಸಲ ಬ್ರೇಕು ಒತ್ತಿಸುವವಳು. ಆ ತಿರುವಿಗೆ ಎರಡು ರಸ್ತೆ ಉಬ್ಬು ಹಾಕಿಸಿ ಎಂದು ಸಭೆಯಲ್ಲಿ ಹೇಳಿ ಹೇಳಿ ಸಾಕಾಗಿತ್ತು. ಪ್ರೆಸ್ ಮಾವ ಪ್ರತಿ ಸಲವೂ ಒಳ್ಳೆಯ ಮಾತು ಎನ್ನುತ್ತಿದ್ದರು. ಮೇಲಿನವರಿಗೆ ಬರೆಯೋಣ ಎನ್ನುತ್ತಿದ್ದರು. ಮಗಳು ನಿಂತಾಗ ಅಪ್ಪ ಎಣಿಸಬಾರದು ಎಂದು ಯಾರ ತಲೆಗೂ ಹೊಳೆಯಲಿಲ್ಲ. ಅವಳ ತಲೆಗೂ ಹೊಳೆಯಲಿಲ್ಲ.

"ಪ್ರೆಸ್ಸಿನವರು. ಒಂದು ಕೈ ಹೆಚ್ಚು," ಎಂದಿದ್ದ ಅಪ್ಪ.

ಅವಳು ಚಪ್ಪಾಳೆ ತಟ್ಟಿದಳು, ಪ್ರೆಸ್ ಮಾವನ ಕೈ ಕುಲುಕಿದಳು, ಮನೆಗೆ ಬಂದು ಲೆಕ್ಕ ಹಾಕಿದಳು. ತನಗೆ ಮಾತು ಕೊಟ್ಟವರನ್ನೂ ಆಚೆಯವರನ್ನೂ ಎಷ್ಟು ಸಲ ಕೂಡಿ ಕಳೆದರೂ, ಒಬ್ಬಿಬ್ಬರ ಕೈ ಅನುಮಾನವೆಂದುಕೊಂಡರೂ, ಅಪ್ಪನ ಕೈ ತನಗೆ ಬಿದ್ದಿದ್ದರೆ ಕೊನೆಪಕ್ಷ ಸಮವಾದರೂ ಬರಬೇಕಿತ್ತು. ಬರಲಿಲ್ಲ. ಅಂದರೆ ಅಪ್ಪ ಗೆಳೆಯನಿಗೆ ಕೈ ಎತ್ತಿದ್ದ, ಇಲ್ಲವೆ ಯಾರಿಗೂ ಎತ್ತಿರಲಿಲ್ಲ. ಎರಡರಲ್ಲಿ ಯಾವುದು ಹೆಚ್ಚು ನೋವು ಎಂದು ಅವಳಿಗೆ ಇವತ್ತಿಗೂ ತೀರ್ಮಾನಿಸಲು ಆಗಿಲ್ಲ.

ಅವಳು ಕೇಳಲಿಲ್ಲ. ಅವನು ಹೇಳಲಿಲ್ಲ. ಅಲ್ಲಿಂದಾಚೆ ಅವಳು ಸಭೆಗೆ ಹೋಗಲಿಲ್ಲ, ಅಪ್ಪನ ಕುರ್ಚಿಯಲ್ಲಿ ಕೂರಲೂ ಇಲ್ಲ. ಚಿಕ್ಕಂದಿನಿಂದ ಅವನೇ ಕತ್ತರಿಸುತ್ತಿದ್ದ ಗಿಡ್ಡ ಕೂದಲು ಹೆಗಲಿಗೆ ಬಂತು, ಬೆನ್ನಿಗೆ ಬಂತು, ಜಡೆಯಾಯಿತು. ಅಪ್ಪ ಮಗಳು ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದರು, ನಗುತ್ತಲೂ ಇದ್ದರು. ಆ ಜಡೆಯ ಬಗ್ಗೆ ಮಾತ್ರ ಇಬ್ಬರೂ ಚಕಾರ ಎತ್ತುತ್ತಿರಲಿಲ್ಲ.

*

ಹೆಣದ ಗಾಡಿ ಬೀದಿ ಬಿಟ್ಟು ಹೊರಟಿತು. ಓಡಿಸುವವನು ಅವಳ ಹಳೆಯ ಶಿಷ್ಯನೇ ಆಗಿದ್ದ. ಇವತ್ತಾದರೂ ಗುರುವಿನಿಂದ ಬೈಸಿಕೊಳ್ಳಬಾರದು ಎಂದು ಎರಡು ಕೈಯಲ್ಲೂ ಸ್ಟಿಯರಿಂಗ್ ಬಿಗಿಯಾಗಿ ಹಿಡಿದುಕೊಂಡಿದ್ದ. ಶಾಲೆಯ ತಿರುವಿನಲ್ಲಿ ಎದುರಿನಿಂದ ಒಂದು ಲಾರಿ ನುಗ್ಗಿತು. ಗಾಡಿ ಗಕ್ಕನೆ ನಿಂತಿತು. ಹಿಂದೆ ಕೂತವರೆಲ್ಲ ಮುಂದಕ್ಕೆ ಬಾಗಿ, ಒಂದೇ ಸಲ ಶವಪೆಟ್ಟಿಗೆಗೆ ಕೈ ಕೊಟ್ಟರು.

"ಈ ತಿರುವಿಗೆ ಏನಾದ್ರೂ ಮಾಡ್ಬೇಕಲ್ಲ," ಎಂದರು ಪ್ರೆಸ್ ಮಾವ, ಕನ್ನಡಕ ಸರಿಮಾಡಿಕೊಳ್ಳುತ್ತ. "ಎರಡು ಉಬ್ಬು ಹಾಕಿಸಿದ್ರೆ ಹೇಗೆ?"

ಮಗಳು ಅವರ ಮುಖ ನೋಡಿದಳು. ಕುಹಕವಿರಲಿಲ್ಲ. ಆ ಮಾತು ಈಗಷ್ಟೇ ಹುಟ್ಟಿದ್ದು ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಅವಳಿಗೆ ನಗು ಬಂತು, ಸಿಟ್ಟೂ ಬಂತು. ಸಂಜೆ ಟೀಚರ್‌ಗೇ ಕೈ ಎತ್ತುತ್ತೇನೆ ಎಂದು ಆಗಲೇ ನಿಶ್ಚಯಿಸಿದಳು. ಮರುಕ್ಷಣವೇ ಮನಸ್ಸು ಹಿಂಜರಿಯಿತು. ಇದು ಟೀಚರ್ ಮೇಲಿನ ನಂಬಿಕೆಯೋ, ಈ ಮನುಷ್ಯನ ಮೇಲಿನ ಹಗೆಯೋ? ಎದುರಿಗೆ ಅಪ್ಪ ಮಲಗಿರುವಾಗ ಅವನ ಗೆಳೆಯನ ಮೇಲೆ ಸೇಡು ತೀರಿಸಿಕೊಳ್ಳುವುದೇ?

ಮಣ್ಣು ಹಾಕಿ ಕೈ ತೊಳೆದುಕೊಳ್ಳುವ ನಲ್ಲಿಯ ಬಳಿ ಟೀಚರ್ ಮತ್ತು ಪ್ರೆಸ್ ಮಾವ ಇಬ್ಬರೂ ಒಟ್ಟಿಗೆ ಅವಳ ಹತ್ತಿರ ಬಂದರು. ಅವರಿಬ್ಬರು ಒಟ್ಟಾಗಿ ಬಂದದ್ದೇ ಸೋಜಿಗ. ಸಂಜೆ ಅವಳೇ ಎಣಿಸಬೇಕು, ಬೇರೆ ಯಾರನ್ನು ನಿಲ್ಲಿಸಿದರೂ ಇನ್ನೊಂದು ಕಡೆಯವರು ಒಪ್ಪುವುದಿಲ್ಲ, ಕತ್ತರಿಯಣ್ಣನ ಮಗಳೆಂದರೆ ಯಾರೂ ತುಟಿ ಎರಡು ಮಾಡುವುದಿಲ್ಲ ಎಂದರು. ಎರಡೂ ಕಡೆ ಜನ ಸರಿಸಮವಾಗಿದ್ದಾರೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಣಿಸುವವಳು ತನ್ನ ಕೈ ತಾನೇ ಎಣಿಸಿಕೊಂಡು ಒಬ್ಬರನ್ನು ಗೆಲ್ಲಿಸಿದಳು ಎನ್ನಿಸಿಕೊಳ್ಳುವ ಧೈರ್ಯ ಯಾರಿಗಿರುತ್ತದೆ ಎಂಬುದೂ ಹೇಳದೆ ಉಳಿಯಿತು.

ನೋಡೋಣ ಎಂದಳು. ಅಪ್ಪನ ಉತ್ತರದಂತೆಯೇ ಕೇಳಿಸಿ ಅವಳಿಗೇ ಕಸಿವಿಸಿಯಾಯಿತು.

*

ಮಧ್ಯಾಹ್ನ ಇಳಿಯುತ್ತಿದ್ದಂತೆ ಅವಳು ಅಂಗಡಿಯ ಬಾಗಿಲೆತ್ತಿದಳು. ಬಹಳ ಕಾಲದ ಮೇಲೆ ಒಳಗೆ ಕಾಲಿಟ್ಟಿದ್ದಳು. ತಿರುಗುವ ಎರಡು ಕುರ್ಚಿಗಳು, ನೀರು ಚಿಮುಕಿಸುವ ಬಾಟಲಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಮಲಗಿಸಿದ ಕತ್ತರಿಗಳು. ಮೂಲೆಯಲ್ಲಿ ಗುಡಿಸಿಟ್ಟ ಕೂದಲು ಹಾಗೇ ಇತ್ತು. ಯಾರ ಯಾರದೋ ತಲೆಯದು, ಕಪ್ಪು ಬಿಳಿ ಕಲೆತು ಒಂದೇ ಗುಪ್ಪೆಯಾಗಿತ್ತು.

ಎದುರಂಗಡಿಯವನು ಬೀದಿ ದಾಟಿ ಬಂದ. ಇಬ್ಬರೂ ಸೇರಿ ಕನ್ನಡಿಗಳಿಗೆ ಬಿಳಿ ಬಟ್ಟೆ ಇಳಿಬಿಡತೊಡಗಿದರು. ಕೊನೆಯ ಕನ್ನಡಿಯ ಬಳಿ ಅವನು ಅವಳ ಕೈ ತಡೆದ.

"ಆ ಮೊಳೆ ಸಡಿಲ ಇದೆ. ಬಟ್ಟೆ ಜಾರತ್ತೆ."

"ನಿಮಗೆ ಹೇಗೆ ಗೊತ್ತು ಚಿಕ್ಕಪ್ಪ?"

ಅವನು ತನ್ನ ಹೆಗಲು ತಾನೇ ಮುಟ್ಟಿ ನೋಡಿಕೊಂಡ ಕುಂಬಳಕಾಯಿ ಕಳ್ಳನಂತೆ ನಕ್ಕ. ಆಮೇಲೆ ನಗು ಬಿಟ್ಟು ತಿರುಗುವ ಕುರ್ಚಿಯಲ್ಲಿ ಕೂತ.

"ನೀನು ನಿಂತಿದ್ದ ಸಲ ನಾನು ಇಲ್ಲೇ ನಿಂತಿದ್ದೆ. ಹೆಸರು ಕರೆಯೋ ಹೊತ್ತಿಗೆ ಬಟ್ಟೆ ಮೂಲೆ ಬಿಚ್ಚಿಕೊಳ್ತು. ನಂದು ಕನ್ನಡಿ ನೋಡಿ ಬದುಕೋ ಕಸುಬು. ಕಣ್ಣು ಬೇಡ ಅಂದ್ರೂ ಕೇಳತ್ತಾ?"

*

ಬಟ್ಟೆ ಜಾರಿ ಕನ್ನಡಿಯ ಒಂದು ಮೂಲೆ ಬಯಲಾಗಿತ್ತು, ಅಂಗೈಯಗಲ. ಅದರಲ್ಲಿ ಹಿಂದಿನ ಕೈಗಳೆಲ್ಲ ಕಾಣುತ್ತಿದ್ದವು. ಎದುರಂಗಡಿಯವನು ಪ್ರೆಸ್ಸಿನವರಿಗೆ ಎತ್ತಿದ್ದ ತನ್ನ ಕೈ ಇಳಿಸಿದ್ದನಷ್ಟೆ. ಮಗಳ ಹೆಸರು ಕರೆದಾಗ ಒಂದೊಂದಾಗಿ ಕೈಗಳು ಮೇಲೆದ್ದವು. ಎಲ್ಲಕ್ಕಿಂತ ಹಿಂದೆ, ಬಾಗಿಲ ಬಳಿ, ಕತ್ತರಿಯಣ್ಣ ನಿಂತಿದ್ದ. ಅವನ ಕೈಯೂ ಮೇಲಿತ್ತು. ಅರ್ಧ ಎತ್ತಿದ ಕೈಯಲ್ಲ ಅದು. ತೋಳು ಕಿವಿಗೆ ತಾಗುವಷ್ಟು ಎತ್ತರಕ್ಕೆ, ಶಾಲೆಯಲ್ಲಿ ಉತ್ತರ ಗೊತ್ತಿರುವ ಹುಡುಗ ಎತ್ತುವ ಹಾಗೆ ಎತ್ತಿದ್ದ. ಯಾರೂ ನೋಡದ ಕಡೆ ಅಷ್ಟು ಎತ್ತರಕ್ಕೆ ಎತ್ತಿಕೊಂಡು ನಿಂತವನ ಮುಖದಲ್ಲಿ ಹೆಮ್ಮೆ ಇತ್ತು.

ಪ್ರೆಸ್ಸಿನವರ ಕೈಗಳನ್ನು ಆಗಲೇ ಎಣಿಸಿದ್ದ ಎದುರಂಗಡಿಯವನು ಇವನ್ನೂ ಎಣಿಸಿದ. ಆ ಕೈ ಸೇರಿದರೆ ಸಮ.

ಸಮ ಬಂದರೆ ಎಣಿಸುವವನೇ ಹೆಸರು ಹೇಳಬೇಕು. ಅಪ್ಪನ ಬಾಯಿಂದ ಮಗಳ ಹೆಸರು. ನಾಳೆ ಬೆಳಿಗ್ಗೆಯೇ ಬೀದಿ ಏನೆನ್ನುತ್ತದೆ ಎಂಬುದು ಕ್ಷೌರಿಕನಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು. ಕತ್ತರಿಯಣ್ಣ ಎತ್ತಿದ ಕೈಯನ್ನು ನಿಧಾನವಾಗಿ ಇಳಿಸಿ, ಅಂಗಿಗೆ ಒರೆಸಿಕೊಂಡ. ಆಗ ಅವನ ಕಣ್ಣು ಕನ್ನಡಿಯ ಮೂಲೆಗೆ ಬಿತ್ತು. ಇಬ್ಬರ ದೃಷ್ಟಿ ಅಲ್ಲಿ ಕೂಡಿತು. ಕತ್ತರಿಯಣ್ಣ ತಲೆಯನ್ನು ಕೂದಲೆಳೆಯಷ್ಟು ಅಲ್ಲಾಡಿಸಿದ, ಬೇಡ ಎನ್ನುವಂತೆ. ಆಮೇಲೆ ಗಂಟಲು ಸರಿಮಾಡಿಕೊಂಡು, ಪ್ರೆಸ್ಸಿನವರು, ಒಂದು ಕೈ ಹೆಚ್ಚು ಎಂದ.

*

ಮಗಳು ಬಟ್ಟೆಯನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು.

"ನನಗ್ಯಾಕೆ ಹೇಳ್ಲಿಲ್ಲ?" ಎಂದಳು. ಯಾರನ್ನು ಕೇಳಿದಳೋ.

"ಹೇಳಿದ್ರೆ ನೀನು ಸುಮ್ನಿರ್ತಿದ್ಯಾ? ಮಾರನೇ ದಿನವೇ ಮತ್ತೆ ಎಣಿಸಿ ಅಂತ ಜಗಳ ತೆಗೀತಿದ್ದೆ." ಅವನು ಕುರ್ಚಿಯನ್ನು ಅತ್ತಿತ್ತ ತಿರುಗಿಸಿದ. "ಮುಂದಿನ ಸಲ ನಿಲ್ತಾಳೆ, ಆಗ ನಾನು ಎಣಿಸಲ್ಲ, ಗೋಡೆಗೆ ನಿಂತು ಕೈ ಎತ್ತುತ್ತೀನಿ ಅಂತಿದ್ದ ನಿಮ್ಮಪ್ಪ. ನೀನು ಬರೋದನ್ನೇ ಬಿಟ್ಟೆ. ನನ್ನ ಅಂಗಡೀಲಿ ಕೂತಾಗ ನೀನು ರಸ್ತೇಲಿ ಹೋಗೋದನ್ನ ಕನ್ನಡೀಲಿ ನೋಡ್ತಿದ್ದ. 'ಜಡೆ ಚೆನ್ನಾಗಿ ಬೆಳೆದಿದೆ ಅಲ್ವಾ' ಅಂತಿದ್ದ. ನಾನು ಹೂಂ ಅಂತಿದ್ದೆ. ಇನ್ನೇನು ಅನ್ನಲಿ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಎದುರಂಗಡಿಯವನು ಸಮಾಧಾನ ಮಾಡಲು ಹೋಗಲಿಲ್ಲ. ಮೂಲೆಯ ಕೂದಲನ್ನು ಮೊರದಲ್ಲಿ ಎತ್ತಿಕೊಂಡು ಹೊರಗೆ ಹಾಕಿ ಬಂದ. ಅಷ್ಟು ಹೊತ್ತಿಗೆ ಅವಳು ಮುಖ ತೊಳೆದುಕೊಂಡಿದ್ದಳು.

ಅಪ್ಪನ ಮೇಲೆ ಅವಳಿಗೆ ಪ್ರೀತಿ ಉಕ್ಕಿ ಬಂತು, ಜೊತೆಗೆ ಹಿಂದೆಂದೂ ಬಾರದಷ್ಟು ಸಿಟ್ಟೂ ಬಂತು. ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ನೋಡಿಕೊಂಡು, ಕೊನೆಗೆ ಕಳೆದುಕೊಂಡದ್ದು ಇಬ್ಬರೂ ತಾನೆ. ಪ್ರೆಸ್ ಮಾವನ ಮೇಲಿನ ಹಗೆಯನ್ನು ಮನಸ್ಸಿನಲ್ಲಿ ಹುಡುಕಿದಳು. ಅದು ಇದ್ದ ಜಾಗ ಖಾಲಿಯಾಗಿತ್ತು. ಆ ಮನುಷ್ಯ ಅಪ್ಪನನ್ನು ಅವಳಿಂದ ಕಸಿದುಕೊಂಡಿರಲೇ ಇಲ್ಲ. ಆದರೂ ಬೆಳಗಿನ ತಿರುವು ಕಣ್ಣ ಮುಂದೆ ಬಂತು, ಲಾರಿ ಬಂತು, ಶವಪೆಟ್ಟಿಗೆಗೆ ಕೊಟ್ಟ ಕೈಗಳು ಬಂದವು. ಟೀಚರ್ ಬೈಯುತ್ತಾರೆ, ಬೇರೆಯವರ ಮಾತು ಮುಗಿಯಲು ಬಿಡುವುದಿಲ್ಲ. ಆದರೆ ಕೆಲಸ ಆಗುವವರೆಗೆ ಕಚೇರಿಯ ಬಾಗಿಲು ಬಿಟ್ಟು ಕದಲುವವರಲ್ಲ. ಹಗೆ ಹೋದ ಮೇಲೂ ಮನಸ್ಸು ಅಲ್ಲೇ ನಿಂತಿತ್ತು. ಇದು ತನ್ನದೇ ತೀರ್ಮಾನ ಎಂದು ಅವಳಿಗೆ ಈಗ ಖಾತ್ರಿಯಾಯಿತು.

*

ಸಂಜೆ ಎಲ್ಲರೂ ಬಂದರು. ಮಣ್ಣಿಗೆ ಬಂದವರೇ ಮನೆಗೆ ಹೋಗಿ ಬಟ್ಟೆ ಬದಲಿಸಿಕೊಂಡು ಬಂದಿದ್ದರು. ಕತ್ತರಿಯಣ್ಣ ನಿಲ್ಲುತ್ತಿದ್ದ ಬಾಗಿಲ ಬಳಿಯ ಜಾಗವನ್ನು ಯಾರೂ ತುಳಿಯಲಿಲ್ಲ. ಅದು ಅವಳಿಗೆಂದು ಬಿಟ್ಟದ್ದು.

ಅವಳು ನೇರ ಪ್ರೆಸ್ ಮಾವನ ಹತ್ತಿರ ಹೋದಳು.

"ಮಾವ, ನಾನು ಎಣಿಸಲ್ಲ. ನನ್ನ ಕೈ ಇವತ್ತು ನಿಮಗಿಲ್ಲ. ಬೆನ್ನ ಹಿಂದೆ ಗೊತ್ತಾಗೋದು ಬೇಡ ಅಂತ ಹೇಳ್ತಿದ್ದೀನಿ."

ಪ್ರೆಸ್ ಮಾವ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ನಿಮ್ಮಪ್ಪ ಆಗಿದ್ರೆ ಹೀಗೆ ಹೇಳ್ತಿರ್ಲಿಲ್ಲ," ಎಂದರು.

"ಗೊತ್ತು ಮಾವ."

ಅವರು ಅವಳ ತಲೆಯ ಮೇಲೆ ಕೈಯಿಟ್ಟು, ಹಾಗೇ ತೆಗೆದು, ಗೋಡೆಯ ಕಡೆ ನಡೆದರು. ಹಾಗಾದರೆ ಎಣಿಸುವವರು ಯಾರು ಎಂದು ಟೀಚರ್ ಕೇಳಿದರು. ಮಗಳು ಎದುರಂಗಡಿಯವನನ್ನು ತೋರಿಸಿದಳು. ಅವರಿಗೆ ಹೇಗೂ ಕಣ್ಣು ಮುಚ್ಚಲು ಬರುವುದಿಲ್ಲ, ಹಿಂದೆ ನಿಲ್ಲಿಸುವುದೇ ವಾಸಿ ಎಂದಳು. ಅರ್ಥವಾಗದಿದ್ದರೂ ಎಲ್ಲರೂ ನಕ್ಕರು. ಆ ದಿನಕ್ಕೆ ಬೇಕಿದ್ದ ನಗು ಅದು. ಎದುರಂಗಡಿಯವನು ತಲೆ ಕೆರೆದುಕೊಳ್ಳುತ್ತ ಹೋಗಿ ಬಾಗಿಲ ಬಳಿಯ ಆ ಜಾಗದಲ್ಲಿ ನಿಂತ. ತನ್ನ ಕೈಯನ್ನೂ ಸೇರಿಸಿಯೇ ಎಣಿಸುತ್ತೇನೆ, ಈಗಲೇ ಹೇಳಿದ್ದೇನೆ ಎಂದ. ಯಾರೂ ಬೇಡವೆನ್ನಲಿಲ್ಲ.

ಎಲ್ಲರೂ ಗೋಡೆಗೆ ತಿರುಗಿದರು. ಮಗಳು ಕೊನೆಯ ಕನ್ನಡಿಯ ಮುಂದೆ ಹೋಗಿ ನಿಂತಳು. ಮೊದಲು ಪ್ರೆಸ್ ಮಾವನ ಹೆಸರು ಕೇಳಿಸಿತು. ತೋಳುಗಳು ಎದ್ದ ಸದ್ದು, ಇಳಿದ ಸದ್ದು. ಆಮೇಲೆ ಟೀಚರ್ ಹೆಸರು.

ಅವಳು ಕೈ ಎತ್ತಿದಳು, ತೋಳು ಕಿವಿಗೆ ತಾಗುವಷ್ಟು ಮೇಲಕ್ಕೆ. ಆ ರಭಸಕ್ಕೋ ಏನೋ ಸಡಿಲ ಮೊಳೆಯಿಂದ ಬಟ್ಟೆಯ ಮೂಲೆ ಜಾರಿತು. ಅಂಗೈಯಗಲದ ಕನ್ನಡಿಯಲ್ಲಿ ಅವಳ ಕೈ, ಅದರಾಚೆ ಬಾಗಿಲು, ಬಾಗಿಲ ಬಳಿ ನಿಂತವನ ಮುಖ. ಇಬ್ಬರ ಕಣ್ಣು ಕೂಡಿದವು. ಅವಳು ಕೈ ಇಳಿಸಲಿಲ್ಲ. ಅವನು ಎಲ್ಲರನ್ನೂ ಬಿಟ್ಟು ಆ ಕೊನೆಯ ಕನ್ನಡಿಯ ಕಡೆಗೇ ಮೊದಲು ಬೆರಳು ಚಾಚಿದ.

"ಒಂದು," ಎಂದ.